ಇಪ್ಪತ್ತನಾಲ್ಕೂವರೆ ಇಂಚಿನ ಕಟ್ಟೆ

ಬಿಲ್ಡರ್ ಆಫೀಸಿನಿಂದ ಬಂದ ಕಾಗದದಲ್ಲಿ ಹತ್ತು ಖಾಲಿ ಗೆರೆಗಳಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ, ‘ಹೊಸ ಅಡುಗೆಮನೆ: ನಿಮಗೆ ಅವಶ್ಯವಾದವು’ ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ಹದಿನೈದು ದಿನದೊಳಗೆ ತುಂಬಿ ಕೊಡಬೇಕು. ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ನಿನಗೇನು ಬೇಕು ಎಂದು ಯಾರಾದರೂ ಹತ್ತು ಗೆರೆ ಬಿಟ್ಟು ನನ್ನನ್ನು ಕೇಳಿದ್ದು ಅದೇ ಮೊದಲು. ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, ಹೋಗುತ್ತ ಬರುತ್ತ ನೋಡಿ ಖುಷಿಪಟ್ಟೆ. ಎರಡು ದಿನ ಏನೂ ಬರೆಯಲೇ ಇಲ್ಲ. ಖಾಲಿ ಗೆರೆ ಎಷ್ಟು ಚೆಂದ ಕಾಣುತ್ತದೆಂದರೆ ಪೆನ್ನು ತಾಗಿಸಲು ಮನಸ್ಸು ಬರುವುದಿಲ್ಲ.

ಕೋಥರೂಡದ ನಮ್ಮ ಹಳೆಯ ಸೊಸೈಟಿಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುತ್ತಿದ್ದರು. ಇದ್ದವರೆಲ್ಲ ಸುತ್ತಲಿನ ಗಲ್ಲಿಗಳಲ್ಲಿ ಬಾಡಿಗೆ ಮನೆ ಹಿಡಿದು ಚದುರಿದ್ದೆವು. ಸಂಜೆ ತರಕಾರಿಗೆ ಹೋದಾಗ ಹಳೆಯ ನೆರೆಯವರು ಸಿಕ್ಕರೆ ಹೇಗಿದ್ದೀರಿ ಎನ್ನುವುದಕ್ಕೆ ಮೊದಲು, ‘ಎಷ್ಟನೇ ಸ್ಲ್ಯಾಬ್ ಬಿತ್ತು?’ ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಜನ. ಗಂಡ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ, ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು. ಮಗಳು ಬಿ.ಕಾಂ. ಎರಡನೇ ವರ್ಷ. ಮತ್ತೆ ನನ್ನ ಅತ್ತೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಗೃಹವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಮ್ಮೆ ನಮ್ಮೆಲ್ಲರಿಂದ ಗ್ರಾಫ್ ಹಾಳೆಯ ಮೇಲೆ ಮಾದರಿ ಅಡುಗೆಮನೆ ಬರೆಸಿದ್ದರು. ಒಲೆ, ನೀರು, ಕಪಾಟು ಮೂರನ್ನೂ ಚುಕ್ಕೆಗೆರೆಯಿಂದ ಜೋಡಿಸಿದರೆ ತ್ರಿಕೋನವಾಗಬೇಕು. ತ್ರಿಕೋನ ಚಿಕ್ಕದಾದಷ್ಟೂ ಅಡುಗೆ ಮಾಡುವವಳ ಕಾಲಿಗೆ ಆರಾಮ. ಪಕ್ಕದಲ್ಲಿ ಎರಡು ಪಟ್ಟಿ: ಅವಶ್ಯವಾದದ್ದು, ಇದ್ದರೆ ಒಳ್ಳೆಯದು. “ಯಾವುದು ಇಲ್ಲದಿದ್ದರೆ ಕೆಲಸ ನಿಂತೇಹೋಗುತ್ತದೋ ಅದು ಅವಶ್ಯ. ಉಳಿದದ್ದೆಲ್ಲ ಆಸೆ,” ಎನ್ನುತ್ತಿದ್ದರು ಸಿಸ್ಟರ್. ಆಸೆ ಎನ್ನುವಾಗ ಅವರ ಕನ್ನಡಕ ಮೂಗಿನ ಮೇಲೆ ಸ್ವಲ್ಪ ಜಾರುತ್ತಿತ್ತು. ನನಗೆ ಹತ್ತಕ್ಕೆ ಒಂಬತ್ತು ಬಂತು. ಕಿಟಕಿ ಬರೆಯಲು ಮರೆತದ್ದಕ್ಕೆ ಒಂದು ಅಂಕ ಹೋಗಿತ್ತು. ಆ ಒಂದು ಅಂಕ ನನ್ನನ್ನು ಎಷ್ಟು ಕಾಡಿತ್ತೆಂದರೆ ಇವತ್ತಿಗೂ ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಯ ಕಿಟಕಿ ಎಲ್ಲಿದೆ ಎಂದು ನೋಡುತ್ತೇನೆ.

ಭಾನುವಾರ ಬೆಳಗ್ಗೆ ಅವಲಕ್ಕಿ ತಿನ್ನುತ್ತ ನಾಲ್ವರೂ ಕೂತು ಗೆರೆ ತುಂಬತೊಡಗಿದೆವು.

“ಮೊದ್ಲ ಪ್ಲಗ್ ಬರಿ,” ಎಂದರು ನಮ್ಮವರು. “ಕಟ್ಟಿ ಮ್ಯಾಲ ನಾಕರೆ ಬೇಕು. ಮಿಕ್ಸರ್ ತಗದು ಟೋಸ್ಟರ್ ಹಚ್ಚೂದು, ಟೋಸ್ಟರ್ ತಗದು ಮಿಕ್ಸರ್ ಹಚ್ಚೂದು, ಇದ ಆಗೇದ.”

“ಪಪ್ಪಾ, ನೀವು ಟೋಸ್ಟರ್ ಯಾವಾಗ ಹಚ್ಚೀರಿ?” ಎಂದಳು ಮಗಳು. “ನಾ ಹುಟ್ಟಿದಾಗಿಂದ ನೀವು ಒಂದ ಸಲ ಚಾ ಮಾಡೀರಿ. ಅದೂ ಸಕ್ರಿ ಮರತು.”

“ಅದು ಮರತದ್ದಲ್ಲವಾ, ಡಾಯೆಟ್ ಚಾ.”

ಮಗಳಿಗೆ ಹೊಗೆ ಎಳೆಯುವ ಚಿಮಣಿ ಬೇಕಾಗಿತ್ತು. “ಬಸ್ಸಿನ್ಯಾಗ ಬಾಜೂಕಿನ ಹುಡುಗಿ ನನ್ನ ಓಢಣಿ ಮೂಸಿ ಕೇಳ್ತಾಳ, ಇವತ್ತ ನಿಮ್ಮನ್ಯಾಗ ಬದನಿಕಾಯೇನು ಅಂತ. ನಾ ಏನ ಮೆನೂ ಕಾರ್ಡ್ ಇದ್ದೀನೇನ?”

ನನ್ನದು ಒಂದೇ ಒಂದು ದೊಡ್ಡ ಆಸೆ. ಒಂದು ಪ್ರದರ್ಶನದಲ್ಲಿ ನೋಡಿದ್ದೆ, ಆಳೆತ್ತರದ ಸಪೂರ ಕಪಾಟು. ಹಿಡಿಕೆ ಹಿಡಿದು ಎಳೆದರೆ ಒಳಗಿನ ಅಟ್ಟಗಳೆಲ್ಲ ಸಾಲಾಗಿ ಹೊರಗೆ ಬರುತ್ತವೆ. ಎರಡೂ ಬದಿಯಿಂದ ಡಬ್ಬಿಗಳು ಕಾಣುತ್ತವೆ, ಹಿಂದಿನ ಬೇಳೆ ತೆಗೆಯಲು ಮುಂದಿನ ಅಕ್ಕಿ ಕೆಳಗಿಡಬೇಕಾಗಿಲ್ಲ. ಪ್ರದರ್ಶನದಲ್ಲಿ ನಾನು ಅದನ್ನು ಮೂರು ಸಲ ಎಳೆದು ಮೂರು ಸಲ ಮುಚ್ಚಿದ್ದೆ. ಅಂಗಡಿಯವನು ನಕ್ಕಿದ್ದ. ಈಗ ಒಂದನೇ ಗೆರೆಯಲ್ಲಿ ಅದನ್ನೇ ಬರೆದೆ.

ಅತ್ತೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಮೆಂತ್ಯದ ಎಲೆ ಬಿಡಿಸುತ್ತಿದ್ದರು.

“ಅತ್ಯಾರ, ನಿಮಗೇನ ಬೇಕ್ರಿ?”

“ನಂದೇನದವಾ? ಬಾಗಲ ಹಂತ್ಯಾಕ ಒಂದ ಕುರ್ಚಿ ಹಿಡಿಸೂವಷ್ಟ ಜಾಗಾ ಬಿಡು. ಕುಂತ ಪಲ್ಲೆ ಸೋಸಿ ಕೊಡ್ತೀನಿ.”

ಹತ್ತನೇ ಗೆರೆಯಲ್ಲಿ ‘ಕುರ್ಚಿ’ ಎಂದು ಬರೆದು ತಲೆಯೆತ್ತಿದೆ. ಟೀವಿಯಲ್ಲಿ ಸುದ್ದಿ ನಡೆದಿತ್ತು. ಅತ್ತೆ ಅದನ್ನು ನೋಡುತ್ತಿದ್ದರು, ಮಡಿಲಲ್ಲಿ ಸೊಪ್ಪು ಹಾಗೇ ಇತ್ತು. ಬಲ ಅಂಗೈ ಕುರ್ಚಿಯ ಕೈಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಎಡಗೈಯ ಬೆರಳು ಇಲ್ಲದ ಅಂಚೊಂದನ್ನು ಹಿಡಿದು ತುಸು ತುಸುವೇ ತಿರುಗಿಸುತ್ತಿತ್ತು. ಎರಡು ಏಟು, ಒಂದು ತಿರುವು. ಎರಡು ಏಟು, ಒಂದು ತಿರುವು. ಅವರಿಗೆ ಅದು ಗೊತ್ತೇ ಇರಲಿಲ್ಲ. ಕಣ್ಣು ಸುದ್ದಿ ನೋಡುತ್ತಿತ್ತು, ಕೈ ರೊಟ್ಟಿ ಬಡಿಯುತ್ತಿತ್ತು.

ಆಗಲೇ ನನಗೆ ಹೊಳೆದದ್ದು, ಅತ್ತೆ ರೊಟ್ಟಿ ಮಾಡಿ ಹತ್ತು ತಿಂಗಳಾಗಿದೆ ಎಂದು.

ಅತ್ತೆ ವಿಜಯಪುರದ ಕಡೆಯವರು. ಮಾವನವರಿಗೆ ದೌಂಡದಲ್ಲಿ ರೈಲ್ವೆ ಕೆಲಸವಿತ್ತು. ಮದುವೆಯಾಗಿ ಅಲ್ಲಿನ ಕ್ವಾರ್ಟರ್ಸಿಗೆ ಬಂದ ಮೊದಲ ವಾರವೇ ಡ್ಯೂಟಿಗೆ ಹೋಗುವವರ ಬಟ್ಟೆ ಗಂಟುಗಳಲ್ಲಿ ಇವರ ಜೋಳದ ರೊಟ್ಟಿ ಪ್ರಸಿದ್ಧವಾಯಿತಂತೆ. ಕೋಥರೂಡದ ಹಳೆಯ ಮನೆಯಲ್ಲಿ ಅಡುಗೆಕಟ್ಟೆ ಇತ್ತು, ಆದರೆ ರೊಟ್ಟಿ ಮಾತ್ರ ನೆಲದ ಮೇಲೆಯೇ. ಅಡುಗೆಮನೆಯ ಮೂಲೆಯಲ್ಲಿ ಒಂಟಿ ಒಲೆ, ಮುಂದೆ ಕಪ್ಪು ಕಲ್ಲು, ಪಕ್ಕದಲ್ಲಿ ಹಿಟ್ಟಿನ ಪರಾತ. ಕಾಲು ಮಡಚಿ ಕೂತರೆಂದರೆ ಇಪ್ಪತ್ತು ರೊಟ್ಟಿ ಮುಗಿದ ಮೇಲೆಯೇ ಏಳುವುದು. ಮಗಳು ಶಾಲೆಯಿಂದ ಬರುವಾಗ ಮೆಟ್ಟಿಲಲ್ಲೇ ಸದ್ದು ಕೇಳಿ ಇವತ್ತು ರೊಟ್ಟಿಯೋ ಚಪಾತಿಯೋ ಎಂದು ಹೇಳುತ್ತಿದ್ದಳು. ನಾನು ಚಪಾತಿಯವಳು. ನನ್ನ ರೊಟ್ಟಿ ಒಮ್ಮೆಯೂ ದುಂಡಗಾಗಲಿಲ್ಲ. “ಇದರಾಗ ಮಹಾರಾಷ್ಟ್ರ ಎಲ್ಲೆದ, ಕರ್ನಾಟಕ ಎಲ್ಲೆದ, ತೋರ್ಸವಾ,” ಎಂದು ಅತ್ತೆ ಅದನ್ನು ಎತ್ತಿ ಹಿಡಿಯುತ್ತಿದ್ದರು.

ಮನೆ ಖಾಲಿ ಮಾಡುವ ಒಂದು ತಿಂಗಳ ಮೊದಲು ಅವರ ಎರಡೂ ಮೊಣಕಾಲಿನ ಆಪರೇಶನ್ ಆಯಿತು. ನಡಿಗೆ ಸುಧಾರಿಸಿತು, ನೋವು ಹೋಯಿತು. ಆದರೆ ಇನ್ನು ಜನ್ಮದಲ್ಲಿ ನೆಲಕ್ಕೆ ಕೂರುವಂತಿಲ್ಲ ಎಂದರು ಡಾಕ್ಟರು. ಬಾಡಿಗೆ ಮನೆಯ ಕಟ್ಟೆಯೋ ಅತ್ತೆಯ ಪಕ್ಕೆಲುಬಿನವರೆಗೆ ಬರುತ್ತದೆ. ಒಂದು ದಿನ ಮಣೆಯ ಮೇಲೆ ಹತ್ತಿ ನಿಂತು ಪ್ರಯತ್ನಿಸಿದರು. ಬಿದ್ದಾರೆಂದು ಹೆದರಿ ನಾನೇ ಮಣೆ ತೆಗೆಸಿದೆ. ಕೆಳಗೆ ನಿಂತು ಬಡಿಯಲು ನೋಡಿದರು. ರೊಟ್ಟಿ ಬಡಿಯುವುದು ಅಂಗೈ ಕೆಲಸ ಎಂದೇ ನಾನು ತಿಳಿದಿದ್ದೆ. ಅಲ್ಲ, ಅದು ಭುಜದ ಕೆಲಸ. ಕೈ ಮೇಲಿನಿಂದ ಇಳಿಯಬೇಕು. ಅಷ್ಟು ಎತ್ತರದ ಕಟ್ಟೆಯ ಮೇಲೆ ಅವರ ಕೈ ಇಳಿಯಲಿಲ್ಲ, ಬರೀ ಮುಂದಕ್ಕೆ ತಳ್ಳಿತು. ರೊಟ್ಟಿ ನಡುವೆ ಸೀಳಿತು. ಹಿಟ್ಟನ್ನು ಮತ್ತೆ ಮುದ್ದೆ ಮಾಡಿ, ಪರಾತಕ್ಕೆ ಹಾಕಿ, “ಸಾಕಿನ್ನ,” ಎಂದು ಕೈ ತೊಳೆದುಕೊಂಡರು.

ಅಂದಿನಿಂದ ಬಸ್ ಸ್ಟಾಪಿನ ಹತ್ತಿರ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬಳಿಂದ ತರುತ್ತಿದ್ದೆವು. ಅತ್ತೆ ಮುರಿದು ಬಾಯಿಗಿಟ್ಟು, “ಛಲೋ ಅದಾವ,” ಎನ್ನುತ್ತಿದ್ದರು. ಅಡುಗೆಮನೆಯ ಬಾಗಿಲವರೆಗೆ ಬಂದು, ಒಮ್ಮೆ ಒಳಗೆ ನೋಡಿ, ಏನೋ ಮರೆತವರಂತೆ ತಿರುಗಿ ಹೋಗುತ್ತಿದ್ದರು. ಆಪರೇಶನ್ ಆದವರು, ನಡಿಗೆಯ ಅಭ್ಯಾಸ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ.

ಆ ಭಾನುವಾರ ನಾನು ಕಾಗದವನ್ನು ಮತ್ತೆ ಓದಿದೆ. ಪ್ಲಗ್, ಚಿಮಣಿ, ಫಿಲ್ಟರ್, ಎಳೆಯುವ ಕಪಾಟು. ಯಾವುದಿಲ್ಲದೆ ಕೆಲಸ ನಿಂತಿದೆ? ಇಷ್ಟು ಇಲ್ಲದೆಯೂ ಹತ್ತು ತಿಂಗಳು ನಾವು ಉಂಡು ತಿಂದು ಚೆನ್ನಾಗಿಯೇ ಇದ್ದೆವು. ನಿಂತದ್ದು ಒಂದೇ ಕೆಲಸ. ಒಂದನೇ ಗೆರೆಗಿಂತ ಮೇಲೆ ಹೊಸದೊಂದು ಗೆರೆ ಎಳೆದು, ‘ಅತ್ತೆಯವರು ಕೂತು ರೊಟ್ಟಿ ಮಾಡುವ ಜಾಗ’ ಎಂದು ಬರೆದೆ. ಬೇರೆ ಯಾರಿಗೂ ತೋರಿಸಲಿಲ್ಲ. ಅವರಿಗೆ ಅಚ್ಚರಿಯಾಗಲಿ ಎಂಬ ಬುದ್ಧಿವಂತಿಕೆ.

ಬಿಲ್ಡರ್ ಆಫೀಸಿನಲ್ಲಿ ಅಡುಗೆಮನೆಯ ನಕ್ಷೆ ಮಾಡುವವಳು ಇಪ್ಪತ್ತಾರು ಇಪ್ಪತ್ತೇಳರ ಮರಾಠಿ ಹುಡುಗಿ, ಮಾತಿಗೊಮ್ಮೆ ‘ಕಾಕೂ’ ಎಂದು ಕರೆಯುತ್ತಾಳೆ. ಕಂಪ್ಯೂಟರಿನಲ್ಲಿ ಮನೆಯನ್ನು ಗರಗರ ತಿರುಗಿಸಿ ತೋರಿಸಿದಳು. ನಾನು ಎಲ್ಲಕ್ಕಿಂತ ಮೇಲಿನ ಗೆರೆ ಓದಿದೆ.

“ಭಾಕರಿಯಾ? ಆಜಿ ಈ ಕಟ್ಟೆಯ ಮೇಲೇ ಮಾಡಬಹುದಲ್ಲ ಕಾಕೂ. ಮೂವತ್ತನಾಲ್ಕು ಇಂಚು, ಎಲ್ಲರ ಮನೆಯಲ್ಲೂ ಅಷ್ಟೇ.”

“ಅವರು ಕೂತು ಮಾಡಬೇಕು. ತಗ್ಗಿನ ಕಟ್ಟೆ ಬೇಕು.”

“ಅಡುಗೆಮನೆಯಲ್ಲಿ ಒಂದು ಎತ್ತರ ಒಂದು ತಗ್ಗು ಬಂದರೆ ಮೆಟ್ಟಿಲು ಕಂಡಹಾಗೆ ಕಾಣುತ್ತದೆ,” ಎಂದು ಅವಳು ಪೆನ್ನು ಕಚ್ಚಿದಳು. ಆಮೇಲೆ ಅವಳ ಮುಖ ಅರಳಿತು. “ಡ್ರೈ ಬಾಲ್ಕನಿಯಲ್ಲಿ ಮಾಡೋಣ! ಹಿಟ್ಟು ಹಾರಿದರೂ ಚಿಂತೆಯಿಲ್ಲ, ಗಾಳಿ ಇದೆ, ಬೆಳಕಿದೆ.”

ಗಾಳಿ, ಬೆಳಕು! ಕಳೆದುಹೋದ ಒಂದು ಅಂಕ ಸಿಕ್ಕಿದಷ್ಟು ಸಂತೋಷವಾಯಿತು ನನಗೆ. ಅಡುಗೆಮನೆಗೆ ತಾಗಿದ ಆ ಚಿಕ್ಕ ಬಾಲ್ಕನಿಯಲ್ಲಿ ಸೊಂಪಾದ ಬೆಳಕು ಬೀಳುತ್ತದೆ. ಅಲ್ಲೇ ಒಂದು ಪುಟ್ಟ ಕಟ್ಟೆ, ಮುಂದೆ ಸ್ಟೂಲು, ಎದುರಿಗೆ ಗುಲ್‌ಮೊಹರ್ ಮರ. ನಕ್ಷೆ ಹಿಡಿದು ಹಾರುತ್ತಲೇ ಮನೆಗೆ ಬಂದೆ. ಅತ್ತೆಯ ಕೈಗೆ ಕನ್ನಡಕ ಕೊಟ್ಟು ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಬೆರಳಿಂದ ಒಂದು ಚೌಕ ಮುಟ್ಟಿ ಕೇಳಿದರು, “ಇದೇನಿದು?”

“ಭಾಂಡಿ ತಿಕ್ಕೂದ್ರಿ. ಬಾಜೂಕ ವಾಷಿಂಗ್ ಮಶೀನು. ಈ ಕಡೆ ನಿಮ್ಮ ಕಟ್ಟಿ.”

“ಹೌದಾ. ಛಲೋ ಅದ.” ಕನ್ನಡಕ ಮಡಚಿಟ್ಟು ಎದ್ದು ಹೋದರು.

ನಾನು ಸಂತೋಷದಲ್ಲೇ ಇದ್ದೆ. ಮಗಳು ನಕ್ಷೆಯನ್ನು ನೋಡಿ ನನ್ನನ್ನು ನೋಡಿದಳು. ಅಜ್ಜಿ ಅವಳಿಗೆ ‘ಆಯಿ’. “ಮಮ್ಮಿ, ಆಯೀನ ಮುಸುರಿ ಹಂತ್ಯಾಕ ಕುಂದ್ರಸ್ತೀಯೇನ?”

ಉಂಡ ತಟ್ಟೆ, ತಿಕ್ಕದ ಪಾತ್ರೆ ಬೀಳುವ ಜಾಗ ಅದು. ಅತ್ತೆ ಮುಸುರೆ ಮುಟ್ಟಿದ ಕೈಯಿಂದ ಹಿಟ್ಟಿನ ಡಬ್ಬಿಯನ್ನು ಮುಟ್ಟಿದವರಲ್ಲ. ಒಲೆಯ ಮುಂದೆ ಕೂರುವ ಮೊದಲು ಕೈಕಾಲು ತೊಳೆದು, ಒಲೆಗೆ ಒಂದು ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಳ್ಳುವವರು. ಇಪ್ಪತ್ತಮೂರು ವರ್ಷ ದಿನಾ ನೋಡಿದ್ದೇನೆ. ಅವರಿಗೆ ಜಾಗ ಕೊಡುತ್ತೇನೆ ಎಂದು ಹೊರಟು, ಒಲೆಯನ್ನೂ ಅವರನ್ನೂ ಮುಸುರೆಯ ಪಕ್ಕಕ್ಕೆ ತಳ್ಳಿದ್ದೆ. ಅದೂ ಅಡುಗೆಮನೆಯ ಹೊರಗೆ. ಅವರ ಜಾಗದಲ್ಲಿ ನಾನಿದ್ದರೆ ಆ ‘ಛಲೋ ಅದ’ ಎನ್ನುವಷ್ಟು ಒಳ್ಳೆಯತನ ನನ್ನಲ್ಲಿ ಇರುತ್ತಿರಲಿಲ್ಲ.

ಕ್ಷಮೆ ಕೇಳಬೇಕೆಂದರೆ ಅವರು ಅವಕಾಶವನ್ನೇ ಕೊಡಲಿಲ್ಲ. ಎರಡು ದಿನ ನಾನು ಬಾಯಿ ತೆರೆದಾಗಲೆಲ್ಲ ಅವರು ಬೆಳ್ಳುಳ್ಳಿಯ ಬಗ್ಗೆ ಏನಾದರೂ ಕೇಳುತ್ತಿದ್ದರು. ಮೂರನೇ ದಿನ ನಕ್ಷೆಯ ಹುಡುಗಿಯ ಫೋನು ಬಂತು. ಅವಳು ನಗು ತಡೆದುಕೊಳ್ಳುತ್ತಿದ್ದುದು ಗೊತ್ತಾಗುತ್ತಿತ್ತು.

“ಕಾಕೂ, ನಿಮ್ಮ ಒಂದೇ ಮನೆಯಿಂದ ಎರಡು ಕಾಗದ ಬಂದಿವೆ. ಯಾವುದನ್ನು ಹಿಡಿಯಲಿ?”

“ಎರಡನೆಯದು ಯಾರು ಕೊಟ್ಟರು?”

“ಆಜಿ. ಮೊಮ್ಮಗಳ ಜೊತೆ ರಿಕ್ಷಾದಲ್ಲಿ ಬಂದಿದ್ದರು. ಓದುತ್ತೇನೆ, ಕೇಳಿ. ಒಂದು, ಬಾಲ್ಕನಿಯ ಕಟ್ಟೆ ರದ್ದು. ಎರಡು, ದೊಡ್ಡ ಕಟ್ಟೆ ಎಲ್ಲರಂತೆ ಮೂವತ್ತನಾಲ್ಕು ಬೇಡ, ಮೂವತ್ತಾರು ಇರಲಿ. ಕಾರಣ, ಸೊಸೆ ಎತ್ತರ ಇದ್ದಾಳೆ, ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆ. ಮೂರು, ಎಳೆದರೆ ಹೊರಗೆ ಬರುವ ಕಪಾಟು. ಅದು ಅವಳಿಗೆ ಬಹಳ ಮನಸ್ಸಿಗೆ ಬಂದಿದೆ, ಕಿಟಕಿಯ ಪಕ್ಕದ ಮೂಲೆಯಲ್ಲಿ ಕೊಡಿ. ಕೆಳಗೆ ಕನ್ನಡದಲ್ಲಿ ಸಹಿ ಇದೆ ಕಾಕೂ, ಅದು ನನಗೆ ಓದಲು ಬರಲಿಲ್ಲ.”

ಫೋನಿಟ್ಟು ನಾನು ಅಲ್ಲೇ ಕೂತೆ. ಹಳೆಯ ಮನೆಯ ಕಟ್ಟೆ ಮೂವತ್ತೇ ಇಂಚು. ಅತ್ತೆ ಗಿಡ್ಡ, ತಮ್ಮ ಅಳತೆಗೆ ಕಟ್ಟಿಸಿಕೊಂಡಿದ್ದರು. ನಾನು ಐದಡಿ ಏಳು ಇಂಚು. ಆ ಕಟ್ಟೆಯ ಮುಂದೆ ನಾನು ಸದಾ ಏನೋ ಹುಡುಕುವವಳಂತೆ ಬಗ್ಗಿಯೇ ಇರುತ್ತಿದ್ದೆ. ಬಾಡಿಗೆ ಮನೆಯದೂ ನನಗೆ ತುಸು ತಗ್ಗೇ. ಸಂಜೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗುತ್ತಿದ್ದದ್ದು ಯಾರೂ ನೋಡಿಲ್ಲವೆಂದು ನನಗೆ ಖಾತ್ರಿಯಿತ್ತು. ನಾನೂ ಯಾರಿಗೂ ಹೇಳಿರಲಿಲ್ಲ.

ಅತ್ತೆ ಒಳಗೆ ಒಗೆದ ಬಟ್ಟೆ ಮಡಚುತ್ತಿದ್ದರು. ಮಗಳು ಮಂಚದ ಮೇಲೆ ಕೂತು ಪುಸ್ತಕದಲ್ಲಿ ಮುಖ ಹುದುಗಿಸಿದಳು. ಪುಸ್ತಕ ತಲೆಕೆಳಗಾಗಿತ್ತು.

“ಅತ್ಯಾರ, ನನ್ನ ಬೆನ್ನ ನೋಯತದಂತ ನಿಮಗ ಯಾರ ಹೇಳಿದ್ರಿ?”

“ನೆಲಕ್ಕ ಕುಂತಾಕಿಗೆ ಕಾಣೂದ ನಿಂತಾಕಿ ಬೆನ್ನವಾ. ಇಪ್ಪತ್ತ ವರ್ಷ ನೋಡೇನಿ.”

“ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲರಿ?”

“ಹೇಳಿದ್ರ ಕಟ್ಟಿ ಬೆಳೀತಿತ್ತೇನ?” ಎಂದು ಟವೆಲ್ಲೊಂದನ್ನು ಜಾಡಿಸಿದರು. “ಈಗ ಹೊಸಾದ ಕಟ್ಟಾಕತ್ತಾರ. ಅಡಗಿ ಮಾಡಾಕಿ ನೀ. ನಿನ್ನ ಅಳತೀಗೆ ಆಗಲಿ. ನನಗ ಬಾಲ್ಕನಿ ಗೀಲ್ಕನಿ ಏನೂ ಬ್ಯಾಡ.”

“ಬಾಲ್ಕನಿ ನಂದ ತಪ್ಪಾತ್ರಿ. ಮುಸುರಿ ಖಬರ ಇಲ್ಲದಂಗ ಬೆಳಕ ನೋಡಕೋತ ಕುಂತೆ.”

“ಇರಲಿ ಬಿಡು. ನಿಮ್ಮ ಸಾಲಿಯಾಗ ಮುಸುರಿ ಕಲಿಸಿದ್ದಿಲ್ಲೇನ?”

“ಬಾಲ್ಕನಿ ಬ್ಯಾಡ. ಆದರ ಕಿಟಕಿ ಬಾಜೂಕ, ಒಳಗ, ನಿಮ್ಮ ರೊಟ್ಟಿಗೆ ಜಾಗಾ ಆಗಲೇಬೇಕು.”

“ಅಲ್ಲೆ ನಿನ್ನ ಕಪಾಟ ಬರತದ. ನಾ ಆ ಹುಡುಗೀನ ಕೇಳೇನಿ, ಎರಡೂ ಹಿಡಿಸೂದಿಲ್ಲಂತ. ಮತ್ತ ರೊಟ್ಟಿ ಹೊರಗಿಂದ ಬರತಾವಲ್ಲ. ನೀವೆಲ್ಲಾ ಖುಷೀಲೆ ತಿಂತೀರಿ.”

“ಯಾರ ಖುಷೀಲೆ ತಿಂತಾರ? ಛಲೋ ಅದಾವ ಛಲೋ ಅದಾವ ಅಂತ ದಿನಾ ಅನ್ನಾವ್ರು ನೀವು!”

“ನೀವು ತಿಂತೀರಿ ಅಂತ ನಾ ಅಂದೆ!”

“ನೀವು ಅಂತೀರಿ ಅಂತ ನಾವು ತಿಂದ್ವಿ!”

ತಲೆಕೆಳಗಾದ ಪುಸ್ತಕದ ಹಿಂದಿನಿಂದ ಮಗಳು ಹೇಳಿದಳು, “ನನಗಂತೂ ಆ ರೊಟ್ಟಿ ಎಂದೂ ಸೇರಿಲ್ಲ. ರಟ್ಟ ತಿಂದಂಗ ಆಗತದ. ಯಾರೂ ಕೇಳಲಿಲ್ಲ, ಅದಕ್ಕ ಹೇಳಲಿಲ್ಲ.”

ಅತ್ತೆ ಮೊದಲು ನಕ್ಕರು. ಮಡಚಿದ ಬಟ್ಟೆಯ ಮೇಲೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಹತ್ತು ತಿಂಗಳಲ್ಲಿ ಆ ನಗು ಕೇಳಿರಲಿಲ್ಲ. ಆದರೂ ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ್ದು ಬೇರೆಯೇ. “ಜಾಗಾ ನೀ ಕೊಡ್ತೀ. ಆದರ ಕುರ್ಚಿ ಮ್ಯಾಲ ಕುಂತ ರೊಟ್ಟಿ ಬಡ್ಯಾಕ ಬರತದೋ ಇಲ್ಲೋ ಯಾರಿಗ್ಗೊತ್ತು? ಬರಲಿಲ್ಲಂದ್ರ ನಿನ್ನ ಕಪಾಟೂ ಹೋತು, ನನ್ನ ಮರ್ಯಾದಿನೂ ಹೋತು.”

ಅವರ ಹೆದರಿಕೆ ಅದು. ಕಟ್ಟೆ ಕಟ್ಟಿಸಿದ ಮೇಲೂ ರೊಟ್ಟಿ ಸೀಳಿದರೆ ತಪ್ಪನ್ನು ಕಾಲಿನ ಮೇಲೋ ಕಟ್ಟೆಯ ಮೇಲೋ ಹಾಕಲು ಬರುವುದಿಲ್ಲ, ತಪ್ಪು ಕೈಯದೇ ಆಗುತ್ತದೆ.

“ಹಂಗಾರ ಬಡದ ನೋಡೂಣ್ರಿ,” ಎಂದೆ.

ಮುಂದಿನ ಭಾನುವಾರ ಬಾಡಿಗೆ ಮನೆಯ ಹಾಲ್ ಅಡುಗೆಮನೆಯಾಯಿತು. ನಕ್ಷೆಯ ಹುಡುಗಿಯನ್ನೂ ಕರೆದೆ, ಟೇಪು ಹಿಡಿದುಕೊಂಡು ಸ್ಕೂಟಿಯಲ್ಲಿ ಬಂದಳು. ಪ್ಯಾಕ್ ಮಾಡಿಟ್ಟ ಸಾಮಾನಿನೊಳಗಿನಿಂದ ನಮ್ಮವರು ಒಂದು ಗಟ್ಟಿ ಸ್ಟೂಲು ಹುಡುಕಿ ತಂದರು. ಮೊದಲು ಊಟದ ಟೇಬಲ್ಲಿನ ಮೇಲೆ ಕಪ್ಪು ಕಲ್ಲು ಇಟ್ಟೆವು. ಅತ್ತೆ ಕೂತು ಕೈಯೆತ್ತಿದರೆ ಮೊಣಕೈ ಕಿವಿಯ ಹತ್ತಿರ ಬಂತು. “ನಾ ಏನ ರೊಟ್ಟೀಗೆ ಕೈ ಮುಗ್ಯಾಕತ್ತೇನೇನ?” ಎಂದರು. ಆಮೇಲೆ ಟೀಪಾಯಿ. ಅದು ತೀರ ತಗ್ಗು, ಹೊಸ ಮೊಣಕಾಲು ಎರಡೂ ಅಂಚಿಗೆ ತಾಗಿದವು. ಟೀಪಾಯಿಯ ನಾಲ್ಕು ಕಾಲಿನ ಕೆಳಗೂ ಇಟ್ಟಿಗೆಯಿಟ್ಟು ಎತ್ತರಿಸಿದೆವು. ಅದರ ಮೇಲೆ ಮಗಳ ಅಕೌಂಟ್ಸ್ ಪುಸ್ತಕಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು.

“ಇಷ್ಟ ದಿನಕ್ಕ ಈ ಪುಸ್ತಕ ಉಪಯೋಗಕ್ಕ ಬಂದ್ವು,” ಎಂದರು ನಮ್ಮವರು.

ಮೊದಲ ರೊಟ್ಟಿ ಸೀಳಿತು. ಅತ್ತೆ ಕಲ್ಲನ್ನು ದಿಟ್ಟಿಸಿ, “ಒಂದ ಪುಸ್ತಕ ತಗೀರಿ,” ಎಂದರು. ತೆಗೆದೆವು. ಎರಡನೆಯದು ದುಂಡಗಾಯಿತು, ಆದರೆ ಪಕ್ಕದ ಒಲೆ ಕಲ್ಲಿಗಿಂತ ಎತ್ತರವಿತ್ತು. ರೊಟ್ಟಿ ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಅಂಚು ಮುರಿಯಿತು.

“ಒಲೀದ ಜಾಗಾ ತಗ್ಗ ಆಗಬೇಕು,” ಎಂದು ಅತ್ತೆ ನೇರವಾಗಿ ನಕ್ಷೆಯವಳಿಗೇ ಮರಾಠಿಯಲ್ಲಿ ಹೇಳಿದರು. “ಹಂಚು ಕಲ್ಲಿನ ಸಮಕ್ಕೆ ಬರಬೇಕು. ರೊಟ್ಟಿ ಎತ್ತಬಾರದು ಮಗಾ, ಸರಿಸಬೇಕು.”

ನಮ್ಮವರು ಒಲೆಯನ್ನು ಮಗಳ ಓದುವ ಸ್ಟೂಲಿಗೆ ಇಳಿಸಿದರು. ಅತ್ತೆ ಮೂರನೇ ಮುದ್ದೆ ತೆಗೆದುಕೊಂಡರು. ಎರಡು ಏಟು, ಒಂದು ತಿರುವು. ಮೊದಲು ಸದ್ದು ಅನುಮಾನದಿಂದಲೇ ಬಂತು, ಆಮೇಲೆ ಒಂದೇ ಸಮನೆ, ಆಮೇಲೆ ಜೋರಾಗಿ. ಅಕೌಂಟ್ಸ್ ಪುಸ್ತಕಗಳು ನಡುಗಿದವು. ಕಲ್ಲಿನ ಅಂಚಿಗೆ ಸರಿದ ರೊಟ್ಟಿ ಅಂಗೈ ಮೇಲೆ ಜಾರಿ ಹಂಚಿನ ಮೇಲೆ ಮಲಗಿತು. ಅತ್ತೆ ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿ, ತಿರುವಿ ಹಾಕಿದರು. ಅದು ಉಬ್ಬಿತು.

“ಅಳತೆ ತಗೊ!” ಎಂದು ನಕ್ಷೆಯ ಹುಡುಗಿಗೆ ಆಜ್ಞೆಯಾಯಿತು. ಅವಳು ಮೊಣಕಾಲೂರಿ ನೆಲದಿಂದ ಕಲ್ಲಿನವರೆಗೆ ಟೇಪು ಹಿಡಿದಳು. ಇಪ್ಪತ್ತನಾಲ್ಕೂವರೆ ಇಂಚು. ಒಲೆಯ ಜಾಗ ಅದಕ್ಕಿಂತ ನಾಲ್ಕು ಇಂಚು ತಗ್ಗು. ಕೆಳಗೆ ಬಾಗಿಲು, ಡ್ರಾಯರು ಏನೂ ಇಲ್ಲ, ಕಾಲು ಚಾಚಲು ಖಾಲಿ. ಬರೆದುಕೊಂಡವಳು ಏಳಲೇ ಇಲ್ಲ. ಬೆಣ್ಣೆ, ಶೇಂಗಾ ಚಟ್ನಿ ಜೊತೆ ಎರಡು ರೊಟ್ಟಿ ತಿಂದಳು. ತಾನೂ ಒಂದು ಬಡಿಯುತ್ತೇನೆಂದು ಕೂತು, ಹಿಟ್ಟನ್ನು ಹಲಗೆಯ ಮೇಲೆ ಅರ್ಧ, ತನ್ನ ಜೀನ್ಸಿನ ಮೇಲೆ ಅರ್ಧ ಹರಡಿಕೊಂಡಳು.

“ಇದ ನಮ್ಮ ಸೊಸಿ ಮಹಾರಾಷ್ಟ್ರದ ನಕಾಶಿಕ್ಕಿಂತ ಛಲೋ ಅದ,” ಎಂದರು ಅತ್ತೆ. ನಾನು ಎಳ್ಳಷ್ಟೂ ಬೇಸರಪಟ್ಟುಕೊಳ್ಳಲಿಲ್ಲ.

ಹೋಗುವಾಗ ಅವಳು ಬಾಗಿಲಲ್ಲಿ ಮೆಲ್ಲಗೆ ಕೇಳಿದಳು, “ಹಾಗಾದರೆ ಆ ಕಪಾಟು ತೆಗೆದುಬಿಡಲಾ ಕಾಕೂ?” ತೆಗೆದುಬಿಡು ಎಂದೆ. ಸುಳ್ಳೇಕೆ, ಅವಳು ಪೆನ್ನಿನಿಂದ ಗೀಟು ಹಾಕುವಾಗ ನಾನು ಬೇರೆ ಕಡೆ ನೋಡಿದೆ. ಆ ಹಿಡಿಕೆಯ ತಣ್ಣನೆಯ ಸ್ಪರ್ಶ ಇನ್ನೂ ಬೆರಳಲ್ಲಿತ್ತು. ಆದರೆ ಬೇಳೆಯ ಡಬ್ಬಿ ಹಿಂದಿದ್ದರೂ ಕೈಗೆ ಸಿಗುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಹೊಸ ಮನೆಗೆ ನಾವು ಬಂದದ್ದು ಅದಾಗಿ ಒಂದು ವರ್ಷದ ಮೇಲೆ, ಸಂಕ್ರಾಂತಿಗೆ ಮೂರು ವಾರ ಇರುವಾಗ. ಪ್ಲಗ್ಗುಗಳು ಆರು ಬಂದವು, ನಮ್ಮವರು ಎಲ್ಲದಕ್ಕೂ ಒಮ್ಮೆ ಟೋಸ್ಟರ್ ಹಚ್ಚಿ ಪರೀಕ್ಷೆ ಮಾಡಿದರು. ನನ್ನ ಕಟ್ಟೆ ಮೂವತ್ತಾರು ಇಂಚು. ಮೊದಲ ದಿನ ಈರುಳ್ಳಿ ಹೆಚ್ಚುವಾಗ ಏನೋ ಕಮ್ಮಿಯಾಗಿದೆ ಅನ್ನಿಸುತ್ತಿತ್ತು. ಸಂಜೆ ಗೊತ್ತಾಯಿತು, ಬೆನ್ನುನೋವು. ಅದರ ಕೊನೆಗೆ, ಕಿಟಕಿಯ ಪಕ್ಕ, ಮೆಟ್ಟಿಲಿಳಿದ ಹಾಗೆ ಅತ್ತೆಯ ಕಟ್ಟೆ. ನಿಜಕ್ಕೂ ಮೆಟ್ಟಿಲಂತೆಯೇ ಕಾಣುತ್ತದೆ. ನೋಡಲು ಬಂದವರು ಇದೇಕೆ ಹೀಗೆ ಎಂದು ಕೇಳುತ್ತಾರೆ. ಕೇಳಲಿ.

ಮೊದಲ ವಾರ ಅತ್ತೆ ತಕರಾರುಗಳ ಮಳೆ ಸುರಿಸಿದರು. ಸ್ಟೂಲು ಅಲುಗಾಡುತ್ತದೆ. ಕಲ್ಲು ಬಹಳ ನುಣುಪು, ಹಿಟ್ಟು ಜಾರುತ್ತದೆ. ಚಿಮಣಿಯ ಸದ್ದಿನಲ್ಲಿ ರೊಟ್ಟಿಯ ಸದ್ದು ಕೇಳುವುದಿಲ್ಲ, ಬಂದ್ ಮಾಡು. ಮಗಳು ಓಢಣಿ ಮೂಸಿಕೊಳ್ಳುತ್ತ, “ಆಯಿ, ಚಿಮಣಿ ನಂದು!” ಎಂದಳು. “ನಿಂದಾದ್ರ ನಿನ್ನ ಖೋಲ್ಯಾಗ ಹಚ್ಚಕೊ,” ಎಂಬ ಉತ್ತರ ಬಂತು. ನನಗೂ ದಿನಾ ಪೂಜೆ ಇತ್ತು: “ಬದನಿಕಾಯಿ ಎಷ್ಟ ದಪ್ಪ ಹೆಚ್ಚೀಯವಾ, ಯಾರಿಗೆ ಹೊಡ್ಯಾಕ?” ಬಾಗಿಲಿಗೆ ಬಂದು ಸುಮ್ಮನೆ ತಿರುಗಿ ಹೋಗುತ್ತಿದ್ದವರು ಈಗ ಒಳಗೆ ಕೂತು ನನ್ನನ್ನು ಬಯ್ಯುತ್ತಿದ್ದರು. ಹಳೆಯ ಮನೆಯಲ್ಲಿ ಅವರು ನೆಲದ ಮೇಲೆ, ನಾನು ನಿಂತು. ನನಗೆ ಅವರ ಬೈತಲೆ ಮಾತ್ರ ಕಾಣುತ್ತಿತ್ತು. ಈಗ ಕತ್ತು ತುಸು ತಿರುಗಿಸಿದರೆ ಮುಖ ಕಾಣುತ್ತದೆ. ಬಯ್ಯುವಾಗ ಅವರ ಎಡಹುಬ್ಬು ಮೇಲೇರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಬೆಳಗ್ಗೆ ಅತ್ತೆ ಸಜ್ಜೆಹಿಟ್ಟು, ಎಳ್ಳು ಮುಂದಿಟ್ಟುಕೊಂಡು ಕೂತರು. ಎಳ್ಳು ಹಚ್ಚಿದ ಕಡಕ್ ರೊಟ್ಟಿ. ಹತ್ತಾದವು, ಹದಿನೈದಾದವು. ಬಟ್ಟೆಯ ಮೇಲೆ ಹರಡಿದ ರೊಟ್ಟಿಗಳು ನನ್ನ ಕಟ್ಟೆಯನ್ನೆಲ್ಲ ಆಕ್ರಮಿಸಿ ಊಟದ ಟೇಬಲ್ಲಿಗೆ ಹೊರಟವು.

“ಅತ್ಯಾರ, ನಾಕ ಮಂದೀಗೆ ಎಷ್ಟ ಮಾಡ್ತೀರಿ? ಸಾಕ್ ಮಾಡ್ರಿ.”

“ನಾಕ ಮಂದೀಗೆ ಅಂತ ಯಾರಂದ್ರು? ಬಿಲ್ಡಿಂಗಿಗೆ. ಎಲ್ಲಾ ಮನೀಗೂ ಎರಡೆರಡ.”

“ಹನ್ನೊಂದ ಮಾಳಿಗಿ ಅದಾವ್ರಿ!”

“ಇರಲಿ. ಲಿಫ್ಟ್ ಅದಲ್ಲ, ಒಯ್ದ ಕೊಡಾಕ ನಿನಗೇನ ತ್ರಾಸ?” ಎಂದು ಕೈ ನಿಲ್ಲಿಸದೆ ಹೇಳಿ, ಇನ್ನೊಂದು ಮುದ್ದೆಗೆ ಕೈಹಾಕಿದರು. “ನಿಂತೇನ ನೋಡ್ತಿ? ಎಳ್ಳ ಮುಗದಾವ, ಲಗೂನ ತಾ.”

ನಾನು ಚಪ್ಪಲಿ ಮೆಟ್ಟಿ ಎಳ್ಳು ತರಲು ಹೊರಟೆ.